ಎಚ್ಚರದ ಬಾಟ್ಲಿ

ನಾನು ಪಣಂಬೂರು ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಕಾಲ. ಬದಲಿ ಡ್ರೈವರ್ ಬಾರದೆ ಎರಡನೇ ಪಾಳಿಗೂ ನಾನೇ ಕೂತಾಗ, ಹೊಸ ಸೂಪರ್‌ವೈಸರ್ ಕೋಲಾಕ್ಕೆ ಕಾಫಿಪುಡಿ ಕಲಸಿದ ಬಾಟ್ಲಿ ಕೊಟ್ಟರು. "ಕುಡಿಯಿರಿ, ನಿದ್ದೆ ಹತ್ತಿರ ಸುಳಿಯುವುದಿಲ್ಲ."

ಸುಳಿಯಲಿಲ್ಲ, ನಿಜ. ಆದರೆ ಎದೆ ಡವಡವ ಹೊಡೆದುಕೊಂಡಿತು, ಕ್ರೇನಿನ ಲಿವರ್ ಹಿಡಿದ ಕೈ ನಡುಗಿತು. ಕೊಕ್ಕೆಯಲ್ಲಿದ್ದ ಗೊಬ್ಬರದ ಮೂಟೆಗಳು ಕೆಳಗಿದ್ದವರ ತಲೆಯ ಮೇಲೆ ಓಲಾಡಿದವು. ಮೂಟೆ ಇಳಿಸಿ ನಾನೂ ಇಳಿದೆ.

"ಎಂತ ಮಾರಾಯ್ರೇ, ಎಚ್ಚರ ಇದ್ದೀರಲ್ಲ!" ಅಂದರು ಸೂಪರ್‌ವೈಸರ್.

"ಎಚ್ಚರ ಉಂಟು ಸಾರ್, ಎಚ್ಚರಿಕೆ ಹೋಗಿದೆ. ಇನ್ನು ಹತ್ತುವುದಿಲ್ಲ."

"ರಿಪೋರ್ಟ್ ಬರೀತೇನೆ!"

"ಬರೆಯಿರಿ. ಮೊದಲು ಬಾಟ್ಲಿಯಲ್ಲಿ ಉಳಿದದ್ದು ಕುಡಿಯಿರಿ, ಆಮೇಲೆ ನಿಮ್ಮ ಅಕ್ಷರ ಹೇಗೆ ಬರ್ತದೆ ನೋಡುವ."

ಅವರು ಬಾಟ್ಲಿಯನ್ನೂ ಮುಟ್ಟಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ. ಗೆದ್ದ ಗತ್ತಿನಲ್ಲಿ ನಾನು ಮನೆಗೆ ಹೋಗಿ ಮಲಗಿದೆ. ಹಾಳು ನಿದ್ದೆಯೇ ಬರಲಿಲ್ಲ.