ಆರ್ವಿಲ್ ಮೊದಲೇ ಕಟ್ಟಿದ ತೆರಿಗೆ

ನಮ್ಮ ಕಾಗದದ ಕಾರ್ಖಾನೆಯಲ್ಲಿ ಆರ್ವಿಲ್ ಜಾಸ್ಟ್ರೊನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಕಾಗದ ಹರಿದು ಯಂತ್ರ ನಿಂತಿತೆಂದರೆ ನಾವೆಲ್ಲ ಮೇಲಿನವರ ದಾರಿ ಕಾಯುತ್ತಿದ್ದೆವು, ಇವನು ಅಂಗಿಯ ತೋಳು ಮಡಚಿ ಒಳಗೆ ನುಗ್ಗಿಯೇಬಿಟ್ಟಿರುತ್ತಿದ್ದ. ಈಗ ಆ ಯಂತ್ರವೂ ಇಲ್ಲ, ಅವನೂ ಇಲ್ಲ.

ಒಂದು ದಿನ ನಿವೃತ್ತಿ ನಿಧಿಯ ಕಚೇರಿಯಿಂದ ಒಬ್ಬಳು ಹುಡುಗಿ ನಮ್ಮ ಊಟದ ಕೋಣೆಗೆ ಬಂದಳು. ನಮ್ಮ ನಿಧಿಗೆ ಕಂಪನಿ ತನ್ನ ಪಾಲೆಂದು ಹಾಕುವ ಹಣಕ್ಕೆ ತೆರಿಗೆ ಕಟ್ಟಿರುವುದಿಲ್ಲ, ಮುಂದೆ ತೆಗೆಯುವಾಗ ಕಟ್ಟಬೇಕು. ಅದನ್ನು ಬೇಕಾದವರು ಅದೇ ನಿಧಿಯೊಳಗೆ ರಾತ್ ಎಂಬ ಬೇರೆ ಬಗೆಯ ಖಾತೆಗೆ ಬದಲಿಸಿಕೊಳ್ಳಬಹುದಂತೆ. ಈ ವರ್ಷವೇ ತೆರಿಗೆ ಕಟ್ಟಿಬಿಟ್ಟರೆ, ಕೆಲವು ವರ್ಷ ಕಳೆದ ಮೇಲೆ ನೀವು ತೆಗೆದರೂ ಹೆಂಡತಿ ತೆಗೆದರೂ ತೆರಿಗೆಯಿಲ್ಲ, ಆದರೆ ಒಮ್ಮೆ ಬದಲಿಸಿದರೆ ಮುಗಿಯಿತು, ವಾಪಸಿಲ್ಲ ಎಂದಳು. ನಾವು ಸ್ಯಾಂಡ್‌ವಿಚ್ ಅಗಿಯುತ್ತ ತಲೆಯಾಡಿಸಿದೆವು. ಆರ್ವಿಲ್ ಮಾತ್ರ ಅಗಿಯುವುದನ್ನು ನಿಲ್ಲಿಸಿದ್ದ. ಅವಳು ಅತ್ತ ಹೋಗುತ್ತಲೇ, ತಾನು ಬದಲಿಸುವವನೇ ಎಂದ.

"ತಲೆಗಿಲೆ ಕೆಟ್ಟಿದೆಯೇನೋ ನಿಂಗೆ? ಕೇಳದೇ ಇರೋ ತೆರಿಗೆನ ಯಾರಾದ್ರೂ ಹುಡುಕ್ಕೊಂಡು ಹೋಗಿ ಕಟ್ತಾರಾ?" ಎಂದೆ ನಾನು.

"ನಮ್ಮಪ್ಪ ಹೋದ್ಮೇಲೆ ಅಮ್ಮ ಪ್ರತಿ ವರ್ಷ ತೆರಿಗೆ ಕಾಗದ ಹರಡ್ಕೊಂಡು ಅಳ್ತಾ ಕೂರ್ತಿದ್ಲು ಕಣೋ. ಮಾರ್ಲಿಸ್‌ಗೆ ಆ ಗತಿ ಬರಬಾರದು," ಎಂದ. ಮಾರ್ಲಿಸ್ ಅವನ ಹೆಂಡತಿ.

ಡಿಸೆಂಬರಿನಲ್ಲಿ ಇದ್ದಬದ್ದದ್ದನ್ನೆಲ್ಲ ಒಂದೇ ಸಲ ಬದಲಿಸಿದ. ಸಂಬಳ ಕೊಡುವಾಗ ತೆರಿಗೆ ಹಿಡಿದೇ ಕೊಡುತ್ತಾರಲ್ಲ, ಇದರಲ್ಲೂ ಹಿಡಿದಿರುತ್ತಾರೆ ಎಂದುಕೊಂಡಿದ್ದ ಮಹಾರಾಯ! ಒಂದು ಸೆಂಟೂ ಹಿಡಿದಿರಲಿಲ್ಲ. ಮಾರ್ಚಿನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಊರವರ ತೆರಿಗೆ ಲೆಕ್ಕ ಪುಕ್ಕಟೆ ಮಾಡಿಕೊಡುವ ಮುದುಕ ಕೆನೆತ್ ಮೊತ್ತ ಹೇಳಿದಾಗ ಆರ್ವಿಲ್‌ನ ಮುಖ ಬಿಳಿಚಿಹೋಯಿತು. ಜೀವಕ್ಕಿಂತ ಹೆಚ್ಚಾಗಿ ನೋಡಿಕೊಂಡಿದ್ದ ಪಿಕಪ್ ಗಾಡಿ ಮಾರಿ ಕಟ್ಟಿದ.

ಶುಕ್ರವಾರದ ಮೀನೂಟಕ್ಕೆ ಹೋದಾಗ ಮಾರ್ಲಿಸ್ ಇಡೀ ಹೋಟೆಲಿಗೆ ಕೇಳುವಂತೆ ಬೈದಳು. "ಅಯ್ಯೋ ಮಹಾನುಭಾವ, ನನ್ನನ್ನ ಒಂದ್ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದೀಯ, ಆಗ್ಲೇ ನನ್ನನ್ನ ವಿಧವೆ ಮಾಡಿ ಲೆಕ್ಕ ಹಾಕಿದ್ದೀಯಲ್ಲ!" ಅವನು ತಲೆ ಬಗ್ಗಿಸಿ ಮೀನು ತಿಂದ.

ಪಿಕಪ್ ಹೋದದ್ದರಿಂದ ಮುಂದಿನ ಫೆಬ್ರವರಿಯಲ್ಲಿ ಅವನ ಸ್ಟರ್ಜನ್ ಎಂಬ ದೊಡ್ಡ ಮೀನಿಗಾಗಿ ಕಾದು ಕೂರುವ ಗೂಡನ್ನು ಸರೋವರದ ಮಂಜುಗಡ್ಡೆಯ ಮೇಲಕ್ಕೆ ಎಳೆಯುವವರಿಲ್ಲ. ನನ್ನ ಗಾಡಿಗೆ ಕಟ್ಟಿ ನಾನು ಎಳೆದೆ. ಆಮೇಲೆ ವರ್ಷವರ್ಷವೂ ಅದು ನನ್ನ ಕೆಲಸವೇ ಆಯಿತು. ಆ ಕತ್ತಲ ಗೂಡಿನಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ, ಮಂಜುಗಡ್ಡೆ ಕೊರೆದ ತೂತಿನ ಹಸಿರು ನೀರು ನೋಡುತ್ತ ಕೂರುತ್ತಿದ್ದೆವು. ಭರ್ಜಿ ಎಸೆಯುವಂಥ ಮೀನು ಬಂದದ್ದು ತೀರ ಅಪರೂಪ. ಅವನು ಮಾತಾಡುತ್ತಿದ್ದುದೂ ಕಡಿಮೆಯೇ. ಬಾಯಿ ಬಿಟ್ಟರೆ ಮಾರ್ಲಿಸ್ ಹುಡುಗಿಯಾಗಿದ್ದಾಗ ಪೋಲ್ಕಾ ಎಂಬ ಜೋಡಿ ಕುಣಿತ ಕುಣಿಯುತ್ತ ಇವನ ಕಾಲು ತುಳಿದ ಕಥೆ. ಎಷ್ಟು ಸಲ ಕೇಳಿದ್ದೆನೋ! ಇನ್ನೊಂದು ಸಲ ಹೇಳುತ್ತಾನೆಂದರೆ ಈಗಲೂ ಓಡಿಹೋಗಿ ಕೂರುತ್ತೇನೆ.

ನಿವೃತ್ತನಾದ ಎರಡನೇ ವರ್ಷ ಅಂಗಳದ ಹಿಮ ಬಾಚುತ್ತಿದ್ದಾಗಲೇ ಎದೆ ಹಿಡಿದುಕೊಂಡು ಬಿದ್ದವನು ಹೋಗಿಯೇಬಿಟ್ಟ.

ಆ ಬೇಸಿಗೆಯಲ್ಲಿ ಮಾರ್ಲಿಸ್ ಅವನು ಬದಲಿಸಿಟ್ಟಿದ್ದ ಆ ರಾತ್ ಖಾತೆಯಿಂದ ಹಣ ತೆಗೆದು ಮನೆಯ ಸೂರು ಹೊಸದು ಮಾಡಿಸಿದಳು. ಮರುವರ್ಷ ತೆರಿಗೆ ಕಾಲಕ್ಕೆ ಅವಳನ್ನು ಕೆನೆತ್‌ನ ಬಳಿ ಕರೆದೊಯ್ದೆ. ಅವಳು ಚೆಕ್ ಪುಸ್ತಕ ತೆಗೆದಿಟ್ಟುಕೊಂಡೇ ಕೂತಳು.

"ಸೂರಿನ ದುಡ್ಡಿಗೆ ಏನೂ ಕಟ್ಟಬೇಕಾಗಿಲ್ಲ, ಮಾರ್ಲಿಸ್," ಎಂದ ಕೆನೆತ್.

"ಸರಿಯಾಗಿ ನೋಡು."

"ನೋಡಿದೆ. ಒಂದು ಡಾಲರೂ ಇಲ್ಲ."

ಅವಳು ಎದ್ದು ಬಂದು ಕಾರಿನಲ್ಲಿ ಕೂತಳು. ನಾನು ಕೀಲಿ ಹಾಕಿದೆ, ತಿರುಗಿಸಲಿಲ್ಲ.

"ಒಂದು ಡಾಲರ್ ಬಾಕಿ ಉಳಿಸಿದ್ರೂ ಮನೆಗೆ ಹೋಗಿ ಅವನ ಫೋಟೋ ಮುಂದೆ ನಿಂತು ಅವನ ಜನ್ಮ ಜಾಲಾಡ್ತಿದ್ದೆ," ಎಂದಳು. "ಬೈಯೋಕೂ ಏನೂ ಉಳಿಸದೆ ಹೋದ್ನಲ್ಲೋ."