ಎಡ ಅಂಗೈಗೆ ಕಟ್ಟಿದ ಬಟ್ಟೆ

ಹುಯೆ ಊರಿನ ಆನ್ ಕೂ ಸೇತುವೆಯ ಪಕ್ಕದ ಓಣಿಗೆ ಬೆಳಿಗ್ಗೆ ಆರಕ್ಕೆ ಹೋದವರಿಗೆ ಲಾಯ್ ಕೈಯ ಶಾವಿಗೆ ಸಾರು ಸಿಗುತ್ತಿತ್ತು. ಒಂಬತ್ತಕ್ಕೆ ಹೋದವರಿಗೆ ತೊಳೆದು ಬೋರಲು ಹಾಕಿದ ಹಂಡೆ ಕಾಣುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಅತ್ತೆಯಿಂದ ಬಂದ ಹಂಡೆ, ದನದ ಮೂಳೆ, ಹಂದಿ ಕಾಲು, ಜಜ್ಜಿದ ಮಜ್ಜಿಗೆ ಹುಲ್ಲು, ಕೊನೆಗೆ ಹುದುಗಿಸಿದ ಸಿಗಡಿಯ ಗೊಜ್ಜು. ಅಳತೆ ಲೋಟ ಅಂತ ಒಂದಿರಲಿಲ್ಲ. ಸೌಟಿನಿಂದ ಎಡ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿದರೆ ಉಪ್ಪು ಸಾಲದೋ, ಇನ್ನೂ ಕುದಿಯಬೇಕೋ ಎಂಬುದೆಲ್ಲ ಅವಳಿಗೆ ತಿಳಿಯುತ್ತಿತ್ತು. ಆಮೇಲೆ ಅವಳದೇ ಬಟ್ಟಲು, ಅದರಲ್ಲಿ ಚರ್ಮದ ಸಮೇತ ಹಂದಿ ಕಾಲಿನ ಒಂದು ಗಂಟು. ಅದನ್ನು ಚೀಪಿ ಮೂಳೆಯನ್ನು ಬೆಳ್ಳಗೆ ಮಾಡಿದ ಮೇಲೆಯೇ ಮೊದಲ ಗಿರಾಕಿಗೆ ಬಟ್ಟಲು.

ಅಂಥವಳು ಬಾಯಿ ಕಟ್ಟಿದಳು ಎಂದರೆ ಓಣಿಯಲ್ಲಿ ಯಾರೂ ನಂಬಲಿಲ್ಲ.

ಕಾರಣ ಮಗಳು ಹಾನ್. ಮೊದಲನೆಯ ಬಸಿರು ಮೂರು ತಿಂಗಳಿಗೆ ಹೋಯಿತು, ಎರಡನೆಯದು ಐದಕ್ಕೆ. ಈಗ ಮೂರನೆಯದು ಐದನೇ ತಿಂಗಳಲ್ಲಿತ್ತು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಅಳಿಯ ದೂರದ ಬಂದರಿನಲ್ಲಿ ಕೆಲಸಕ್ಕಿದ್ದ, ಹಾಗಾಗಿ ಮಗಳು ತಾಯಿಯ ಮನೆಗೇ ಬಂದು ಮಲಗಿದ್ದಳು. ಚಾಂದ್ರಮಾನ ಪಂಚಾಂಗದ ನಾಲ್ಕನೇ ತಿಂಗಳ ಹುಣ್ಣಿಮೆ, ಬುದ್ಧ ಹುಟ್ಟಿದ ದಿನ, ಲಾಯ್ ಗುಡಿಗೆ ಹೋಗಿ ಮಂಡಿಯೂರಿದವಳು ಮನಸ್ಸಿನಲ್ಲಿ ಬೇಡಿಕೊಳ್ಳದೆ ಗಟ್ಟಿಯಾಗಿಯೇ ಹೇಳಿಬಿಟ್ಟಳು:

"ಏಳನೇ ತಿಂಗಳ ಹುಣ್ಣಿಮೆವರೆಗೂ ಮಾಂಸ, ಮೀನು, ಮೀನಿನ ಉಪ್ಪುನೀರು ಸಮೇತ ನನ್ನ ನಾಲಿಗೆಗೆ ತಾಗಿಸಲ್ಲ. ಈ ಮಗೂನ ಉಳಿಸಿಕೊಡು ಸ್ವಾಮಿ. ತಪ್ಪಿದ್ರೆ ನಿನ್ನಿಷ್ಟ."

ಕೊನೆಯ ಆ ಎರಡು ಮಾತು ಬೇಕಿರಲಿಲ್ಲ. ಆದರೆ ಆಡಿದ ಮಾತು ಆಡಿಯಾಗಿತ್ತು. ಪಕ್ಕದಲ್ಲೇ ಧೂಪದ ಬೂದಿ ಗುಡಿಸುತ್ತಿದ್ದ ಮುದಿ ಸನ್ಯಾಸಿನಿ ತಲೆ ಎತ್ತಿ ನೋಡಿದರು.

"ಬುದ್ಧನ ಜೊತೆ ವ್ಯಾಪಾರಕ್ಕೆ ನಿಂತ್ಯೇನೇ ಮಗಳೇ? ಎಲ್ಲರ ಹಾಗೆ ತಿಂಗಳಿಗೆರಡು ದಿನ ಬಿಟ್ಟಿದ್ರೆ ಆಗ್ತಿರಲಿಲ್ವ?"

"ಎರಡು ದಿನಕ್ಕೆ ಯಾರು ಮಗು ಕೊಡ್ತಾರೆ ಅಮ್ಮಾವ್ರೆ?"

ಮೊದಲ ವಾರ ಹುರುಪಿನಲ್ಲಿ ಕಳೆಯಿತು. ಅನ್ನಕ್ಕೆ ಎಳ್ಳು-ಕಡಲೆಕಾಯಿ ಪುಡಿ, ಎಳೆ ಹಲಸಿನ ಪಲ್ಯ, ಸೋಯಾ ಹಾಲಿನ ತೋಫು. ಎರಡನೇ ವಾರದಿಂದ ಹಂಡೆಯ ಆವಿ ಮುಖಕ್ಕೆ ಹೊಡೆದರೆ ಬಾಯಿ ತುಂಬ ನೀರು. ಉಗುಳಲು ಎದ್ದು ಎದ್ದು ಹೋಗುತ್ತಿದ್ದಳು, ಬಸುರಿ ಮಗಳೋ ತಾಯಿಯೋ ಎಂದು ಪಕ್ಕದ ಕಾಫಿ ಅಂಗಡಿಯವಳು ನಕ್ಕಳು. ಗಿರಾಕಿ ಮೂಳೆಯಲ್ಲಿ ಅರ್ಧ ಮಾಂಸ ಬಿಟ್ಟು ಎದ್ದರೆ ಅವನ ಬೆನ್ನಿಗೆ ನಾಲ್ಕು ಏಟು ಬಿಗಿಯಬೇಕು ಅನ್ನಿಸುತ್ತಿತ್ತು. ಒಮ್ಮೆ ಎಂಜಲು ಬಟ್ಟಲು ತೊಳೆಯಲು ಕೂತವಳು ಆ ಗಂಟು ಮೂಳೆಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದಳೋ, ನಲ್ಲಿ ನೀರು ತುಂಬಿ ಕಾಲಡಿ ಹರಿದಾಗ ಎಚ್ಚರವಾಯಿತು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಮೊಮ್ಮಗುವಿನ ಜೀವಕ್ಕಿಂತ ಮೂಳೆ ಹೆಚ್ಚಾಯಿತೇ ಎಂದು ತನ್ನನ್ನೇ ಬೈದುಕೊಂಡಳು.

ಸನ್ಯಾಸಿನಿಯ ಬಳಿ ಹೋಗಿ ಹೇಳಿಕೊಂಡಳು. ಅವರು ಪ್ರವಚನ ಮಾಡಲಿಲ್ಲ.

"ಬೆಳಿಗ್ಗೆ ಎಷ್ಟೊತ್ತಿಗೆ ಉಣ್ತೀಯ?"

"ಅಂಗಡಿ ಮುಗಿದ ಮೇಲೆ."

"ಅದಕ್ಕೇ. ಖಾಲಿ ಹೊಟ್ಟೇಲಿ ಹಂಡೆ ಮುಂದೆ ನಿಂತರೆ ನಾನೂ ಕೆಡ್ತೀನಿ. ಎದ್ದ ಕೂಡಲೇ ಬಿಸಿ ಅನ್ನ ಉಣ್ಣು. ಜೊತೆಗೆ ಹುದುಗಿಸಿದ ತೋಫು ಇರಲಿ, ಮೆಣಸಿನಕಾಯಿ ಹಾಕಿದ್ದು. ನಿನ್ನ ನಾಲಿಗೆ ಕೇಳ್ತಿರೋದು ಅರ್ಧ ಉಪ್ಪು, ಅರ್ಧ ಅಭ್ಯಾಸ. ಉಪ್ಪಿಗೆ ಇದು ಸಾಕು."

"ಅಭ್ಯಾಸಕ್ಕೆ?"

"ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಕೈ ಕಟ್ಟಿಹಾಕ್ಕೋ."

ಅವರು ಸುಮ್ಮನೆ ಆಡಿದ ಮಾತನ್ನು ಲಾಯ್ ಹಾಗೆಯೇ ಪಾಲಿಸಿದಳು. ಹಳೆಯ ದಿಂಬಿನ ಚೀಲ ಹರಿದು ಎಡ ಅಂಗೈಗೆ ಸುತ್ತಿ ಗಂಟು ಹಾಕಿದಳು. ಕೈ ತಾನಾಗಿ ಹಂಡೆಯ ಕಡೆ ಹೋದರೂ ಬಟ್ಟೆ ಕಂಡು ನಿಲ್ಲುತ್ತಿತ್ತು. ಅಂಗಡಿ ಮುಗಿದ ಮೇಲೆ ಅದನ್ನು ತೊಳೆದು ಒಣಗಲು ಹಾಕುವಳು, ಮರುದಿನ ಮತ್ತೆ ಅದೇ.

ರುಚಿ ನೋಡುವ ಕೆಲಸ ಗಂಡ ದ್ವಾಯ್‌ನ ಪಾಲಿಗೆ ಬಂತು. ಮೂವತ್ತು ವರ್ಷ ಬೀಡಿ ಸೇದಿದ ನಾಲಿಗೆ ಅದು. ಏನು ಕೊಟ್ಟರೂ "ಚೆನ್ನಾಗಿದೆ" ಎನ್ನುವನು. ಒಂದು ದಿನ ಸಾರು ಉಪ್ಪು ಕಷಾಯ, ಇನ್ನೊಂದು ದಿನ ಬರೀ ಬಿಸಿನೀರು. ಹದಿನೈದು ವರ್ಷದಿಂದ ಅದೇ ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದ ನಿವೃತ್ತ ಮೇಷ್ಟ್ರು ಚಾಕ್ ಬಟ್ಟಲು ಸರಿಸಿದರು.

"ಏನಮ್ಮ ಲಾಯ್, ಪುಣ್ಯ ನಿಂಗೆ, ಪ್ರಾಯಶ್ಚಿತ್ತ ನಮಗಾ?"

"ಇನ್ನು ಇಪ್ಪತ್ತೇ ದಿನ ತಡ್ಕೊಳ್ಳಿ ಮೇಷ್ಟ್ರೆ. ಹುಣ್ಣಿಮೆ ಮಾರನೇ ದಿನ ನೋಡಿ, ನಾನೇ ನಿಮ್ಮ ಪಕ್ಕ ಕೂತು ಎರಡು ಗಂಟು ಚೀಪ್ತೀನಿ."

"ಇಪ್ಪತ್ತು ದಿನವಾ? ಏಳನೇ ತಿಂಗಳ ಹುಣ್ಣಿಮೆಗೆ ಇನ್ನೂ ಐವತ್ತು ದಿನ ಇದೆಯಲ್ಲಮ್ಮ. ಈ ವರ್ಷ ಆರನೇ ತಿಂಗಳು ಎರಡು ಸಲ. ಅಧಿಕ ಮಾಸ. ಗೋಡೆ ಮೇಲೆ ಕ್ಯಾಲೆಂಡರ್ ಯಾಕೆ ನೇತುಹಾಕಿದೀಯ, ಗೋಡೆ ಬಿರುಕು ಮುಚ್ಚೋಕಾ?"

ಲಾಯ್ ಕೈಯಲ್ಲಿದ್ದ ಸೌಟು ಹಂಡೆಯೊಳಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮನೆಗೆ ಬಂದು ಅಲ್ಲಿನ ಕ್ಯಾಲೆಂಡರಿನ ಹಾಳೆ ತಿರುವಿ ತಿರುವಿ ನೋಡಿದಳು. ಮೇಷ್ಟ್ರು ಹೇಳಿದ್ದು ನಿಜವಾಗಿತ್ತು. ದ್ವಾಯ್ ಸಮಾಧಾನ ಮಾಡಲು ಬಂದ.

"ನೀನು ಮನಸ್ಸಲ್ಲಿ ಅಂದುಕೊಂಡಿದ್ದು ಮೂರು ತಿಂಗಳು ತಾನೇ? ಬುದ್ಧನಿಗೆ ಮನಸ್ಸು ತಿಳಿಯುತ್ತೆ ಕಣೆ."

"ಬಾಯಲ್ಲಿ ಹೇಳಿದ್ದು ಏಳನೇ ತಿಂಗಳು ಅಂತ. ಮಗೂಗೆ ಏನಾದ್ರೂ ಆದ್ರೆ ನೀವು ಹೋಗಿ ವಾದ ಮಾಡ್ತೀರೇನ್ರೀ?"

ದ್ವಾಯ್ ಬೀಡಿ ಹುಡುಕಿಕೊಂಡು ಹೊರಗೆ ಹೋದ.

ಆ ಅಧಿಕ ಮಾಸ ಅವಳನ್ನು ಹಿಂಡಿಬಿಟ್ಟಿತು. ಕೆನ್ನೆ ಇಳಿಯಿತು. ಹಾಸಿಗೆಯಲ್ಲಿದ್ದ ಹಾನ್ ದಿನವೂ ಅದನ್ನು ನೋಡುತ್ತಿದ್ದಳು. ಲಾಯ್ ಅಂತೂ ಮಗಳ ಮುಖ ನೋಡುವ ಮೊದಲು ಹೊಟ್ಟೆ ನೋಡುತ್ತಿದ್ದಳು. ಎಂಟು ತಿಂಗಳು ತುಂಬಿತ್ತು. ಇಲ್ಲಿಯವರೆಗೆ ಬಂದದ್ದು ಇನ್ನು ತನ್ನ ನಾಲಿಗೆಯಿಂದ ಹೋಗಬಾರದು ಎಂಬ ಹೆದರಿಕೆ ಹಗಲೆಲ್ಲ ಕಾಡುತ್ತಿತ್ತು.

ಎರಡನೇ ಸಲ ಬಂದ ಆರನೇ ತಿಂಗಳ ಇಪ್ಪತ್ತನೆಯ ದಿನ. ಹಿಂದಿನ ಸಂಜೆ ಮಳೆ ಬಂದು ಬಟ್ಟೆ ಒಣಗಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಹೊರಡುವಾಗ ಮಗಳ ಕೋಣೆ ಇಣುಕಿದಳು. ಹಾನ್ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ್ದಳು. ಒದ್ದೆ ಬಟ್ಟೆಯನ್ನು ಹಗ್ಗದ ಮೇಲೇ ಬಿಟ್ಟು ಲಾಯ್ ಅಂಗಡಿಗೆ ನಡೆದಳು. ಒಂದು ದಿನ ತಾನೇ, ಎಚ್ಚರದಿಂದಿದ್ದರಾಯಿತು ಎಂದುಕೊಂಡಳು. ಅವಸರದಲ್ಲಿ ಅನ್ನವನ್ನೂ ಉಂಡಿರಲಿಲ್ಲ.

ಐದೂವರೆಗೆ ಹಂಡೆ ಹದಕ್ಕೆ ಬಂತು. ರುಚಿ ನೋಡಲು ದ್ವಾಯ್ ಇನ್ನೂ ಮನೆಯಿಂದ ಬಂದಿರಲಿಲ್ಲ. ಸಿಗಡಿ ಗೊಜ್ಜು ಕದಡಿ ಹಾಕಿದಳು, ಸೌಟು ತಿರುಗಿಸಿದಳು. ಕಾಫಿ ಅಂಗಡಿಯವಳು ಏನೋ ಕೇಳಿದಳು, ಇವಳು ಏನೋ ಹೇಳಿದಳು. ಅಷ್ಟರಲ್ಲಿ ಕೈ ತನ್ನ ಕೆಲಸ ಮಾಡಿತ್ತು. ಎಡ ಅಂಗೈಗೆ ನಾಲ್ಕು ಹನಿ, ಅಂಗೈಯಿಂದ ಬಾಯಿಗೆ. ಉಪ್ಪು ಚೂರು ಕಡಿಮೆ ಎಂದು ನಾಲಿಗೆ ಹೇಳಿದ ಮೇಲೆಯೇ ಅವಳಿಗೆ ತಿಳಿದದ್ದು. ಉಗುಳಬಹುದಿತ್ತು. ಉಗುಳಲಿಲ್ಲ. ಆ ರುಚಿಯನ್ನು ನಾಲಿಗೆಯ ಮೇಲೆ ಒಂದು ಗಳಿಗೆ ಹಿಡಿದಿಟ್ಟು, ಕಣ್ಣು ಮುಚ್ಚಿ ನುಂಗಿದಳು. ಆ ವಿಷಯದಲ್ಲಿ ಅವಳು ಯಾರಿಗೂ ಸುಳ್ಳು ಹೇಳಲಾರಳು, ತನಗಂತೂ ಸಾಧ್ಯವೇ ಇಲ್ಲ.

ಹತ್ತು ನಿಮಿಷ ಕಳೆಯುವುದರಲ್ಲಿ ಫೋನು ಬಡಿದುಕೊಂಡಿತು.

"ಲಾಯ್, ಹಾನ್‌ಗೆ ನೋವು ಕಾಣಿಸಿಕೊಂಡಿದೆ. ರಕ್ತ ಬೇರೆ. ಆಸ್ಪತ್ರೆಗೆ ಹೊರಟಿದೀವಿ, ಬೇಗ ಬಾ," ಎಂದ ದ್ವಾಯ್.

ಉರಿಯುವ ಒಲೆ ಹಾಗೇ ಬಿಟ್ಟು ಓಡಿದಳು. ಕಾಫಿ ಅಂಗಡಿಯವಳು ಬೆಂಕಿ ಆರಿಸಿದಳಂತೆ. ದಾರಿಯುದ್ದಕ್ಕೂ ಎಡಗೈಯನ್ನು ಕುಪ್ಪಸಕ್ಕೆ ಉಜ್ಜುತ್ತಲೇ ಇದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಹತ್ತೂವರೆಯವರೆಗೆ ಕೂತಿದ್ದಳು. ದ್ವಾಯ್ ನೀರು ತಂದುಕೊಟ್ಟರೆ ಬಾಯಿಗೆ ಏನೂ ಬೇಡ ಎಂದು ತಲೆಯಾಡಿಸಿದಳು.

ಹೆಣ್ಣು ಮಗು. ಎರಡು ಕೇಜಿಗೆ ಚೂರು ಹೆಚ್ಚು. ಉಸಿರಾಟ ಸಣ್ಣದಿದೆ, ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಮೂರು ದಿನ ಕಳೆದರೆ ಹೇಳುತ್ತೇವೆ ಎಂದರು ಡಾಕ್ಟರು.

ಆ ಮೂರು ದಿನ ಲಾಯ್ ಅಂಗಡಿ ತೆಗೆಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಗು ಚೆನ್ನಾಗಿ ಉಸಿರಾಡುತ್ತಿದೆ, ತಾಯಿಯ ಹಾಲು ಕೊಡಬಹುದು ಎಂದು ನರ್ಸ್ ಹೇಳಿದಳು. ಆದರೆ ಹಾನ್‌ಗೆ ಹಾಲೇ ಇಳಿದಿರಲಿಲ್ಲ. ಬಾಣಂತಿಗೆ ಹಾಲು ಬರಲು ಆ ಊರಿನಲ್ಲಿ ಎಲ್ಲರೂ ಮಾಡುವುದು ಒಂದೇ, ಹಂದಿ ಕಾಲಿಗೆ ಪಪ್ಪಾಯಿ ಕಾಯಿ ಹಾಕಿ ಬೇಯಿಸುವುದು. ಲಾಯ್ ಕೈಗೆ ಬಟ್ಟೆ ಕಟ್ಟಿಕೊಂಡು, ಮೂರು ಗಂಟೆ ಒಲೆಯ ಮುಂದೆ ನಿಂತು, ರುಚಿ ನೋಡದೆ ಬೇಯಿಸಿ ತಂದಳು.

ಹಾಸಿಗೆಯ ಪಕ್ಕ ಕೂತು ಬಟ್ಟೆ ಬಿಚ್ಚಿಟ್ಟು, ಮೂಳೆಯಿಂದ ಮಾಂಸ ಬಿಡಿಸಿ ತುತ್ತು ಮಾಡಿದಳು. ಹಾನ್ ಬಾಯಿ ತೆರೆಯಲಿಲ್ಲ.

"ಮೊದಲು ನೀನು ತಿನ್ನು. ಕನ್ನಡಿ ನೋಡ್ಕೊಂಡಿದೀಯಾ? ಮಗು ಹುಟ್ಟಾಯ್ತಲ್ಲ, ಇನ್ಯಾಕಮ್ಮ ಉಪವಾಸ?"

ಲಾಯ್ ತುತ್ತನ್ನು ಬಟ್ಟಲಿಗೆ ಹಾಕಿದಳು.

"ನಾನು ತಿಂದಾಯ್ತು ಹಾನ್. ಅವತ್ತೇ. ಕೈಗೆ ಬಟ್ಟೆ ಇರಲಿಲ್ಲ, ಸಾರು ನೆಕ್ಕಿಬಿಟ್ಟೆ. ಉಗುಳಲೂ ಇಲ್ಲ, ಆಸೆಗೆ ನುಂಗಿದೆ. ಹತ್ತು ನಿಮಿಷಕ್ಕೆ ನಿಮ್ಮಪ್ಪ ಫೋನ್ ಮಾಡಿದ್ರು. ನಿನಗಾಗಿದ್ದು ನನ್ನಿಂದ, ಮಗು ಆ ಪೆಟ್ಟಿಗೇಲಿರೋದು ನನ್ನಿಂದ."

ಹಾನ್ ಮೊಣಕೈಯೂರಿ ತಲೆ ಎತ್ತಿದಳು.

"ಎಷ್ಟೊತ್ತಿಗೆ ನುಂಗಿದೆ?"

"ಐದೂವರೆಗೆ."

"ನನಗೆ ನೋವು ಶುರುವಾಗಿದ್ದು ಮೂರಕ್ಕೆ."

"ಏನು?"

"ಮೂರಕ್ಕೆ ಅಮ್ಮ. ನೀನು ನಾಲ್ಕಕ್ಕೆ ಇಣುಕಿದಾಗ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಸುಳ್ಳು ನೋವಿರಬೇಕು, ಹೋಗುತ್ತೆ ಅಂದುಕೊಂಡೆ. ನಿನಗೆ ಹೇಳಿದ್ರೆ ಗುಡಿಗೆ ಓಡಿ ಇನ್ನೊಂದು ವರ್ಷ ಬಾಯಿ ಕಟ್ತೀನಿ ಅಂತ ಹೇಳಿ ಬರ್ತಿದ್ದೆ."

ಲಾಯ್‌ಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಮೂರು ಗಂಟೆಯಿಂದ ನೋವಿಟ್ಕೊಂಡು ಸುಮ್ನೆ ಮಲಗಿದ್ಯೇನೇ ಮುಂಡೇದೆ! ಹೆಚ್ಚುಕಮ್ಮಿ ಆಗಿದ್ರೆ? ನಾನೊಬ್ಬಳು ಸತ್ತಿದೀನಾ ಮನೇಲಿ?"

ಪಕ್ಕದ ಹಾಸಿಗೆಯ ಬಾಣಂತಿ ತಿರುಗಿ ನೋಡಿದಳು. ಬೈಯುತ್ತ ಬೈಯುತ್ತಲೇ ಲಾಯ್ ಬಗ್ಗಿದಳು. ಮಗಳ ಹೊದಿಕೆಗೆ ಮುಖ ಒತ್ತಿ ಅತ್ತಳು. ನಾಲ್ಕು ದಿನದಿಂದ ಹೊತ್ತಿದ್ದ ಭಾರ ಅಲ್ಲಿ ಇಳಿಯಿತು.

ಹಾನ್ ತಾಯಿಯ ತಲೆ ಸವರಿದಳು.

"ಈಗಲಾದ್ರೂ ಒಂದು ಚೂರು ತಿನ್ನು. ನಿನ್ನ ತಪ್ಪಲ್ಲ ಅಂತ ಗೊತ್ತಾಯ್ತಲ್ಲ."

ಲಾಯ್ ಎದ್ದು ಕೂತು ಬಟ್ಟಲು ನೋಡಿದಳು. ಚರ್ಮ ಹೊಳೆಯುತ್ತಿತ್ತು. ಬಾಯಲ್ಲಿ ನೀರೂ ಊರಿತು. ಎಡ ಅಂಗೈಗೆ ಜಿಡ್ಡು ಇಳಿದು ಬಂದು ಅಲ್ಲೇ ನಿಂತಿತ್ತು. ಮೂಗು ಒರೆಸಿಕೊಂಡಳು.

"ಏಳನೇ ತಿಂಗಳ ಹುಣ್ಣಿಮೆಗೆ ಇನ್ನೂ ಇಪ್ಪತ್ತೊಂದು ದಿನ ಇದೆ," ಎಂದಳು. "ಬುದ್ಧ ತನ್ನ ಪಾಲಿನದು ನಡೆಸಿಕೊಟ್ಟಿದಾನೆ. ನನ್ನ ಪಾಲು ಬಾಕಿ ಇದೆ."

ಹಾನ್ ತಾಯಿಯ ಎಡಗೈಯನ್ನು ತನ್ನ ಕಡೆಗೆ ಎಳೆದುಕೊಂಡು, ಜಿಡ್ಡನ್ನು ಹೊದಿಕೆಯ ಅಂಚಿನಿಂದ ಒರೆಸಿದಳು. ಹಾಸಿಗೆಯ ಮೇಲಿದ್ದ ಬಟ್ಟೆಯನ್ನು ಆ ಅಂಗೈಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಆಮೇಲೆ ಬಾಯಿ ತೆರೆದಳು.

ಲಾಯ್ ಬಲಗೈಯಿಂದ ತುತ್ತು ಇಟ್ಟಳು.

"ಉಪ್ಪು ಸರಿಯಾಗಿದೆಯಾ?" ಎಂದು ಕೇಳಿದಳು.

"ಚೂರು ಕಡಿಮೆ," ಎಂದಳು ಮಗಳು, ಇನ್ನೊಂದು ತುತ್ತಿಗೆ ಬಾಯಿ ತೆರೆಯುತ್ತ.