ಖಾಲಿ ಬಿಡಬಹುದಾದ ಖಾನೆ

ಕೂಡ್ಲಿಗಿಯಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಯೀಮ ಬಹಳ ವರ್ಷಗಳಿಂದ ಟೆಕ್ನೀಷಿಯನ್. ಮನೆ ಕೊಟ್ಟೂರಿನಲ್ಲಿ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂತು ಕಣ್ಣು ಮುಚ್ಚುತ್ತಾರೆ, ಸಿಗದಿದ್ದರೆ ನಿಂತೇ ಮುಚ್ಚುತ್ತಾರೆ. ಅವರು ಬರುವಷ್ಟರಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದವರು ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಹಸಿದವರ ಸಿಟ್ಟನ್ನು ಮೊದಲು ಇಳಿಸಿಕೊಂಡು, ಆಮೇಲೆ ರಕ್ತ ತೆಗೆಯಬೇಕು.

ರಕ್ತ ತೆಗೆಯುವುದು ಅವರಿಗೆ ಆಯಾಸವಲ್ಲ. ಆಯಾಸವಾಗುವುದು ಸಂಜೆ, ವರದಿ ಕೊಡುವಾಗ. ಕಾಗದ ಕೈಗೆ ಬಂದ ಕೂಡಲೇ ಎಲ್ಲರದೂ ಒಂದೇ ಮಾತು: "ಅಂಕಿ ಬ್ಯಾಡ್ರಿ ಮೇಡಮ್ಮಾರ, ಚಲೋ ಐತೋ ಕೆಟ್ಟ ಐತೋ, ಅಷ್ಟು ಹೇಳ್ರಿ." ಅಷ್ಟನ್ನು ಹೇಳಲು ಪ್ರತಿಯೊಬ್ಬರಿಗೂ ಹೊಸದಾಗಿ ಮಾತು ಹುಡುಕಬೇಕು. ದಿನದ ಕೊನೆಗೆ ಮನೆಯವರ ಜೊತೆ ಆಡಲು ಮಾತು ಉಳಿಯುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಲ್ಯಾಬಿನ ಮಾಲೀಕ ಕೊಟ್ರಸ್ವಾಮಿ ವರದಿ ತಯಾರಿಸುವ ಮೂರು ಸಾಫ್ಟ್‌ವೇರ್ ತಂದು ಕಂಪ್ಯೂಟರಿಗೆ ಹಾಕಿಸಿದರು. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲೂ ಅವರ ಲ್ಯಾಬುಗಳಿವೆ. ಮೂರು ಕಡೆಗೂ ಒಂದನ್ನೇ ಆರಿಸಬೇಕಿತ್ತು.

"ನೀವು ಬಿ.ಎಸ್ಸಿ. ಓದಿದವ್ರು, ಹೋಲಿಸಿ ನೋಡಾದು ನಿಮಗ ಗೊತ್ತೈತಿ. ನಾನಾದ್ರ, ಟೈ ಕಟ್ಟಿದ ಹುಡುಗ್ರು ಏನು ಹೇಳಿದ್ರೂ ತಲಿ ಆಡಿಸ್ತೀನಿ" ಎಂದರು.

ನಯೀಮ ಕ್ರಮವಾಗಿಯೇ ಹೋಲಿಸಿದರು. ಕೆಲವು ರಕ್ತ ಮಾದರಿಗಳ ಫಲಿತಾಂಶಗಳನ್ನೇ ಮೂರಕ್ಕೂ ಕೊಟ್ಟರು. ಕರೆಂಟು ಹೋದಾಗ ಯಾವುದು ಅರ್ಧಕ್ಕೆ ಮರೆಯುತ್ತದೆ ಎಂದು ನೋಡಿದರು. ಮೊದಲನೆಯದರಲ್ಲಿ ಕನ್ನಡ ಹೆಸರುಗಳ ಒತ್ತಕ್ಷರಗಳು ಚೆದುರುತ್ತಿದ್ದವು. ಮೂರನೆಯದು ಹಳೆಯದು, ನಿಧಾನ; ಪ್ರತಿ ವರದಿಯನ್ನೂ ತೆರೆದು, ನೋಡಿ, ಕೈಯಿಂದಲೇ ಕಳಿಸಬೇಕು. ಎರಡನೆಯದು ಫಲಿತಾಂಶ ಬಂದ ಕ್ಷಣವೇ ರೋಗಿಯ ಫೋನಿಗೆ ತಾನೇ ಕಳಿಸುತ್ತಿತ್ತು. ಜೊತೆಗೆ ಅದರ ಅರ್ಥವನ್ನೂ ಸರಳ ಕನ್ನಡದಲ್ಲಿ ಬರೆಯುತ್ತಿತ್ತು.

ಪರೀಕ್ಷೆಗೆಂದು ನಯೀಮ ತಮ್ಮದೇ ರಕ್ತ ಹಾಕಿದ್ದರು. ಫೋನಿಗೆ ಬಂದ ಸಂದೇಶದಲ್ಲಿ, "ನಿಮ್ಮಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದೆ. ವೈದ್ಯರನ್ನು ಕಾಣಿರಿ. ಸಾಕಷ್ಟು ವಿಶ್ರಾಂತಿ ತೆಗೆದುಕೊಳ್ಳಿ" ಎಂದಿತ್ತು. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವರಿಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಎರಡನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಬಿತ್ತು. ಇನ್ನು ಸಂಜೆಯ ಮಾತನ್ನೆಲ್ಲ ಅದೇ ಆಡಲಿ.

ಒಂದು ವಾರ ನಿಜವಾದ ರೋಗಿಗಳೊಂದಿಗೆ ಅದನ್ನು ನಡೆಸಿ ನೋಡುವುದೆಂದಾಯಿತು. ಆ ವಾರವೇ ಗುಡೇಕೋಟೆಯಿಂದ ಉಚ್ಚಂಗೆಮ್ಮ ಬಂದಳು. ಕುರಿ ಸಾಕಿ ಒಬ್ಬಳೇ ಬದುಕುವವಳು. ತಿಂಗಳಿಂದ ಬಿಟ್ಟು ಬಿಟ್ಟು ಜ್ವರ, ಕೀಲು ನೋವು.

"ಯವ್ವಾ, ಫೋನ್ ನಂಬರ್ ಹೇಳು."

"ನನಗ್ಯಾಕ ಫೋನು? ಕುರಿ ಕೊಳ್ಳಾಗ ಕಟ್ಟಲೇನು?" ಎಂದು ಉಚ್ಚಂಗೆಮ್ಮ ಎಲೆಚೀಲದಿಂದ ಚೀಟಿಯೊಂದನ್ನು ತೆಗೆದಳು. "ಇದು ಹುಲುಗಪ್ಪಂದು. ವಾರಕ್ಕೊಮ್ಮಿ ನಮ್ಮೂರಿಗೆ ಬರ್ತಾನ. ಬಂದಾಗ ಹೇಳ್ತಾನ."

ನಯೀಮ ಆ ಹತ್ತು ಅಂಕಿಗಳನ್ನು ಒತ್ತಿದರು. ಹುಲುಗಪ್ಪ ಯಾರೆಂದು ಕೇಳಲಿಲ್ಲ. ಮೆಟ್ಟಿಲ ಮೇಲೆ ಜನರಿದ್ದರು.

ಸಂಜೆ ಹುಲುಗಪ್ಪನದೇ ಫೋನು ಬಂತು.

"ಮೇಡಮ್ಮಾರ, ಉಚ್ಚಂಗೆಮ್ಮನ ಕುರಿಗೆ ಜಡ್ಡು ಐತಂತ ನಿಮ್ಮ ಲ್ಯಾಬಿಂದ ಬಂದೈತಲ್ರಿ? ನಾಳಿ ನಾನು ಹೋಗಿ ಆಕಿ ಕುರಿ ಹೊಡಕಂಡು ಬರಾದಿತ್ತು."

"ಅದು ಕುರಿದಲ್ರಿ, ಆಕಿ ರಕ್ತದ್ದು. ನೀವು ಆಕಿಗೆ ಏನಾಗ್ಬೇಕು?"

"ನಾನಾ? ನಾನು ಕುರಿ ವ್ಯಾಪಾರಿ ರೀ."

ನಯೀಮ ಕಂಪ್ಯೂಟರಿನಲ್ಲಿ ಆ ಸಂದೇಶವನ್ನು ತೆರೆದರು. ಬ್ರುಸೆಲ್ಲಾ ಎಂಬ ಸೋಂಕಿನ ಸುಳಿವಿದೆ, ಇದು ಸೋಂಕಿರುವ ಕುರಿ ಮೇಕೆಗಳಿಂದ ಮನುಷ್ಯರಿಗೆ ಬರುತ್ತದೆ ಎಂದಿತ್ತು. ಇದು ಮೊದಲ ಪರೀಕ್ಷೆ ಮಾತ್ರ, ಇನ್ನೊಂದು ಪರೀಕ್ಷೆಯಿಂದ ಖಚಿತವಾಗಬೇಕು ಎಂಬುದೂ ಕೊನೆಯ ಸಾಲಿನಲ್ಲಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ.

"ಬ್ಯಾರೆ ಯಾರಿಗಾದ್ರೂ ಹೇಳೀರೇನು?"

"ಹೇಳಾದೇನ್ ಬಂತು, ನಮ್ಮ ವ್ಯಾಪಾರಸ್ಥರ ಗ್ರೂಪಿಗೆ ಹಾಕೀನಿ. ಪಾಪ, ಗೊತ್ತಿಲ್ದ ಯಾರೂ ತಗಾಬಾರ್ದಲ್ರಿ."

ಮೂರನೆಯ ದಿನ ಉಚ್ಚಂಗೆಮ್ಮ ತಾನೇ ಬಂದಳು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ ಶುರು ಮಾಡಿದಳು.

"ಹುಲುಗಪ್ಪ ಬರಲಿಲ್ಲ. ನನ್ನ ಕುರಿ ಕೆರಿಗೆ ಇಳಿಸಬ್ಯಾಡ ಅಂತಾರ. ಪಕ್ಕದಾಕಿ ನನ್ನ ರೊಪ್ಪದಾಗಿದ್ದ ತನ್ನ ಮರಿಗಳ್ನ ಹೊಡಕಂಡು ಹೋದ್ಲು. ಇರಾವು ಆ ಕುರಿಗಳಷ್ಟ, ಅವನ್ನ ಬಿಟ್ರ ನನಗೇನೈತಿ? ನನ್ನ ಮೈಯಾಗ ಏನೈತಿ ಅಂತ ನನಗಿಂತ ಮೊದ್ಲು ಊರಿಗೆ ಹೆಂಗ ಗೊತ್ತಾತು, ಹೇಳವಾ?"

ನಯೀಮ ಆದದ್ದನ್ನು ಆದಂತೆ ಹೇಳಿದರು. ಖಚಿತಪಡಿಸಲು ಇನ್ನೊಮ್ಮೆ ರಕ್ತ ಬೇಕು ಎಂದಾಗ ಉಚ್ಚಂಗೆಮ್ಮ ತೋಳು ಚಾಚಿ ಮುಖ ತಿರುಗಿಸಿದಳು.

"ತಗಿ. ಈ ಸಲ ಯಾರಿಗೆ ಕಳಿಸ್ತಿ? ಬಸ್ ಕಂಡಕ್ಟರಿಗೇನು?"

"ಯಾರಿಗೂ ಇಲ್ಲ, ಯವ್ವಾ."

"ನಂಬರ್ ಬರಿಬ್ಯಾಡ. ನಾನೇ ಬರ್ತೀನಿ."

ನಯೀಮ ಫೋನ್ ನಂಬರಿನ ಖಾನೆಯನ್ನು ಖಾಲಿ ಬಿಟ್ಟು ಮುಂದಕ್ಕೆ ಒತ್ತಿದರು. ಎರಡನೆಯ ಸಾಫ್ಟ್‌ವೇರ್ ಕೆಂಪು ಗೆರೆ ತೋರಿಸಿತು. ಹತ್ತು ಅಂಕಿ ತುಂಬದೆ ಅದು ಬಿಡುವುದಿಲ್ಲ. ಸುಳ್ಳು ನಂಬರ್ ಹಾಕಿದರೆ ಅದು ಇನ್ಯಾರದ್ದಾದರೂ ಆಗಿರಬಹುದು. ಮೊದಲನೆಯದೂ ಒಪ್ಪಲಿಲ್ಲ. ತಾವು ಮಾಡಿದ ಹೋಲಿಕೆಯಲ್ಲಿ ಇದನ್ನು ನೋಡಿಯೇ ಇರಲಿಲ್ಲವೆಂದು ಅವರಿಗೆ ಆಗ ಹೊಳೆಯಿತು. ಪರೀಕ್ಷೆಗೆ ಹಾಕಿದ ನಂಬರುಗಳೆಲ್ಲ ತಮ್ಮದು, ಗಂಡನದು, ಕೊಟ್ರಸ್ವಾಮಿಯವರದು; ಮೂವರ ಫೋನೂ ಅವರವರ ಜೇಬಿನಲ್ಲೇ ಇರುತ್ತದೆ. ಮೂರನೆಯದು ಮಾತ್ರ ಏನೂ ಕೇಳದೆ ಉಚ್ಚಂಗೆಮ್ಮನ ಹೆಸರನ್ನು ಸೇರಿಸಿಕೊಂಡಿತು.

"ಮೂರನೇದಾ?" ಕೊಟ್ರಸ್ವಾಮಿ ನಕ್ಕೇಬಿಟ್ಟರು. "ಅದು ಎತ್ತಿನ ಬಂಡಿ ಅಲ್ರಿ! ಬ್ಯಾರೆ ಲ್ಯಾಬಿನವ್ರ ರಿಪೋರ್ಟು ಪೇಷಂಟು ಊರು ಮುಟ್ಟೋದ್ರಾಗ ಮುಟ್ಟಿರತೈತಿ."

"ಯಾರಿಗೆ ಮುಟ್ಟಿರತೈತಿ ಸರ್?" ಎಂದು ನಯೀಮ ನಡೆದದ್ದನ್ನು ಹೇಳಿದರು.

ಕೊಟ್ರಸ್ವಾಮಿಯವರ ನಗು ನಿಂತಿತು. "ಒಂದೊಂದೂ ನೀವೇ ಕಳಿಸಬೇಕಾಗತೈತಿ. ಹೇಳಾದೂ ನೀವೇ. ಆಮ್ಯಾಲೆ ನನ್ನ ಮುಂದ ಸುಸ್ತು ಅನ್ಬ್ಯಾಡ್ರಿ."

"ಅಂತೀನಿ ಸರ್."

ಎರಡನೆಯ ಪರೀಕ್ಷೆಯ ವರದಿ ಬಂದ ದಿನ ನಯೀಮ ಉಚ್ಚಂಗೆಮ್ಮನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಪಕ್ಕದ ಸ್ಟೂಲಿನಲ್ಲಿ ಕೂತರು. ಸೋಂಕು ಇರುವುದು ಖಚಿತವಾಗಿತ್ತು. ಡಾಕ್ಟರು ಕೊಡುವ ಮಾತ್ರೆಗಳನ್ನು ವಾರಗಟ್ಟಲೆ ಬಿಡದೆ ನುಂಗಬೇಕು, ಹಸಿ ಹಾಲು ಕುಡಿಯಬಾರದು, ಈಯುವ ಕುರಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಕುರಿಗಳ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. ಒಂದೊಂದನ್ನೂ ಎರಡೆರಡು ಸಲ ಹೇಳಿದರು.

"ಹಂಗಾರ ಹುಲುಗಪ್ಪ ಹೇಳಿದ್ದು ಖರೇನ?"

"ನಿನಗ ಜಡ್ಡು ಐತಿ ಅನ್ನಾದು ಖರೇ. ಕುರಿಗೆ ಐತೋ ಇಲ್ಲೋ, ನೋಡಬೇಕು. ಏನಿದ್ರೂ ಮೊದ್ಲು ನಿನಗ ಹೇಳಬೇಕಿತ್ತು. ತಪ್ಪಾತು."

ಉಚ್ಚಂಗೆಮ್ಮ ಕಾಗದವನ್ನು ಮಡಿಸಿ ಎಲೆಚೀಲಕ್ಕೆ ಸೇರಿಸಿದಳು. ನಯೀಮ ತಮ್ಮ ಫೋನು ತೆಗೆದು ಪಶು ಆಸ್ಪತ್ರೆಯ ನಂಬರ್ ಒತ್ತತೊಡಗಿದರು.

"ಇಡು ಅದನ್ನ" ಎಂದಳು ಉಚ್ಚಂಗೆಮ್ಮ. "ದನದ ಡಾಕ್ಟರಿಗೆ ನಾನೇ ಹೇಳ್ತೀನಿ, ಇಲ್ಲಿಂದ ಸೀದಾ ಅಲ್ಲಿಗೇ ಹೋಗ್ತೀನಿ. ಊರಿಗೂ ನಾನೇ ಹೇಳ್ತೀನಿ. ನೀವು ಯಾರೂ ಹೇಳಬ್ಯಾಡ್ರಿ."

ನಯೀಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಉಚ್ಚಂಗೆಮ್ಮ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಂತೆ, ಕೆಳಗೆ ಯಾರನ್ನೋ ನಿಲ್ಲಿಸಿ ಪಶು ಆಸ್ಪತ್ರೆಯ ದಾರಿ ಕೇಳುವ ಅವಳ ದೊಡ್ಡ ದನಿ ಮೇಲಿನವರೆಗೂ ಕೇಳಿಸಿತು.